ಎಡಗಾಲಿಗೆ ರಜೆ

“ಅದು ಹೆಂಗಸರ ಗಾಡಿ ಮಾರಾಯ್ರೆ, ಅದರಲ್ಲಿ ಡ್ರೈವಿಂಗ್ ಅಂತ ಏನುಂಟು?” ಆಟೋಮ್ಯಾಟಿಕ್ ಕಾರಿನ ಮಾತು ಬಂದಾಗ ನಮ್ಮ ಕಡೆ ಯಾರಾದರೊಬ್ಬರು ಹೀಗೆ ಹೇಳಿಯೇ ಹೇಳುತ್ತಾರೆ. ಹೇಳುವವರಲ್ಲಿ ಹೆಚ್ಚಿನವರು ಅಂಥ ಕಾರಿನಲ್ಲಿ ಒಮ್ಮೆಯೂ ಸ್ಟಿಯರಿಂಗ್ ಹಿಡಿದವರಲ್ಲ. ಕ್ಲಚ್ಚು ಇಲ್ಲದ ಕಾರಿನಲ್ಲಿ ಕೆಲಸ ಕಡಿಮೆ ಎಂಬುದು ನಿಜ. ಆದರೆ ಜಾಣ್ಮೆಯೇ ಬೇಡ ಎನ್ನುವುದು ಸರಿಯಲ್ಲ. ಮಿಕ್ಸಿ ಬಂದ ಮೇಲೆ ಅರೆಯುವ ಕಲ್ಲು ಹಿತ್ತಿಲು ಸೇರಿತು. ಹಾಗೆಂದು ಮಸಾಲೆಯ ಹದ ತಿಳಿಯದವರ ಸಾರು ಮಿಕ್ಸಿಯಿಂದಾಗಿ ರುಚಿಯಾಯಿತೇ?

ನಿಜ ಹೇಳಬೇಕೆಂದರೆ ಗೇರಿಲ್ಲದ ವಾಹನ ನಮ್ಮ ಮನೆಗಳಿಗೆ ಹೊಸದೇನಲ್ಲ. 1984ರಲ್ಲಿ ಕೈನೆಟಿಕ್ ಹೋಂಡಾ ಸ್ಕೂಟರ್ ಬಂದಾಗಲೇ ಅದು ನಮ್ಮ ರಸ್ತೆಗಿಳಿದಿತ್ತು. 2001ರಲ್ಲಿ ಆಕ್ಟಿವಾ ಬಂದ ಮೇಲಂತೂ ಮಕ್ಕಳನ್ನು ಶಾಲೆಗೆ ಬಿಡುವ, ಮದ್ರಸದಿಂದ ಕರೆತರುವ ಎಷ್ಟೋ ತಾಯಂದಿರು ಅದನ್ನು ಓಡಿಸುತ್ತಲೇ ಇದ್ದಾರೆ. ಆ ಸ್ಕೂಟರಿನೊಳಗೆ ಎರಡು ರಾಟೆಗಳೂ ಒಂದು ಬೆಲ್ಟೂ ಇವೆ. ವೇಗಕ್ಕೆ ತಕ್ಕಂತೆ ರಾಟೆಗಳು ಅಗಲವಾಗುತ್ತವೆ, ಕಿರಿದಾಗುತ್ತವೆ. ಗೇರು ಬದಲಾದದ್ದು ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. 1958ರಲ್ಲಿ ಹಾಲೆಂಡಿನ ಡಾಫ್ ಕಂಪೆನಿ ತನ್ನ ಪುಟ್ಟ ಕಾರಿನಲ್ಲಿ ತೋರಿಸಿದ್ದು ಇದೇ ಉಪಾಯವನ್ನು. ಇಂದು ಸಿವಿಟಿ ಎಂದು ಕರೆಯುವ ಕಾರುಗಳಲ್ಲಿ ರಬ್ಬರಿನ ಬದಲು ಉಕ್ಕಿನ ಬೆಲ್ಟು ಇದೆ, ಅಷ್ಟೇ. ಅದಕ್ಕೂ ಮೊದಲು, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿ ಎಣ್ಣೆಯ ಒತ್ತಡದಿಂದ ತಾನಾಗಿ ಗೇರು ಬದಲಾಗುವ ಏರ್ಪಾಡನ್ನು ಮಾರುಕಟ್ಟೆಗೆ ತಂದಿತ್ತು.

ನಮ್ಮಲ್ಲಿ ಬಹುಕಾಲ ಇದು ಸಿರಿವಂತರ ಕಾರಿನ ಸಂಗತಿಯಾಗಿತ್ತು. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಗೇರಿನೊಂದಿಗೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಎಎಂಟಿ ಎಂಬುದು ಹೊಸ ಬಗೆಯ ಗೇರ್‌ಬಾಕ್ಸ್ ಏನಲ್ಲ. ಒಳಗೆ ಇರುವುದು ನಮ್ಮ ಹಳೆಯ ಕ್ಲಚ್ಚು ಮತ್ತು ಗೇರುಗಳೇ. ಕ್ಲಚ್ಚು ಒತ್ತುವ ಕಾಲಿನ ಕೆಲಸವನ್ನೂ ಗೇರು ಹಾಕುವ ಕೈಯ ಕೆಲಸವನ್ನೂ ಒಂದು ಯಂತ್ರ ಮಾಡುತ್ತದೆ. ಆದ್ದರಿಂದಲೇ ಸಣ್ಣ ಕಾರುಗಳಲ್ಲಿ ಇದಕ್ಕೆ ಸುಮಾರು 50 ಸಾವಿರ ರೂಪಾಯಿ ಹೆಚ್ಚು ಕೊಟ್ಟರೆ ಸಾಕಾಗುತ್ತದೆ. ಮೈಲೇಜೂ ಹೆಚ್ಚುಕಮ್ಮಿ ಗೇರಿನ ಕಾರಿನಷ್ಟೇ ಸಿಗುತ್ತದೆ.

ನನಗೆ ಪರಿಚಯದ ಒಬ್ಬ ತಾಯಿ ಇದ್ದಾರೆ. ವಯಸ್ಸು 52. ಹತ್ತು ವರ್ಷಗಳ ಹಿಂದೆ ಡ್ರೈವಿಂಗ್ ಶಾಲೆಗೆ ಸೇರಿ, ಏರು ರಸ್ತೆಯಲ್ಲಿ ಕಾರು ಮತ್ತೆ ಮತ್ತೆ ಬಂದ್ ಬೀಳುವುದು, ಹಿಂದಿನ ಬಸ್ಸಿನವನ ಹಾರ್ನು, ಕಲಿಸುವವನ ಬೈಗುಳ ಎಲ್ಲವನ್ನೂ ಸಹಿಸಿ, ಕೊನೆಗೆ “ನನ್ನಿಂದಾಗದು” ಎಂದು ಬಿಟ್ಟವರು. ಹೇಗೋ ಕೈಗೆ ಬಂದ ಲೈಸನ್ಸು ಕಪಾಟಿನಲ್ಲಿ ಬಿದ್ದಿತ್ತು. ಆಮೇಲೆ ಅವರ ಪತಿಗೆ ಕಿಡ್ನಿಯ ತೊಂದರೆ ಬಂತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಬೆಳಿಗ್ಗೆ ಬೇಗ ಹೊರಟು ನಗರದ ಆಸ್ಪತ್ರೆ ತಲುಪಬೇಕು, ನಾಲ್ಕು ಗಂಟೆ ಕಾಯಬೇಕು, ನಿತ್ರಾಣರಾದವರನ್ನು ಮಲಗಿಸಿಕೊಂಡು ಮರಳಬೇಕು. ಒಂದು ದಿನ ಮೈದುನನ ಕಾರು, ಒಂದು ದಿನ ನೆರೆಮನೆಯ ಹುಡುಗ, ಇನ್ನೊಂದು ದಿನ ರಿಕ್ಷಾ. ಕೇಳಿ ಕೇಳಿ ನಾಚಿಕೆಯಾಗುತ್ತಿತ್ತು ಎನ್ನುತ್ತಾರೆ. ಜುಬೈಲ್‌ನಲ್ಲಿರುವ ಮಗ ಒಂದು ಹಳೆಯ ಎಎಂಟಿ ಕಾರು ತೆಗೆಸಿಕೊಟ್ಟು, “ಉಮ್ಮಾ, ಇದರಲ್ಲಿ ಕ್ಲಚ್ಚೇ ಇಲ್ಲ. ನೀವು ಬ್ರೇಕಿನ ಮೇಲೆ ಕಾಲಿಡಿ, ಉಳಿದದ್ದು ನಿಧಾನಕ್ಕೆ” ಎಂದ. ಮೂರು ವಾರ ಮೈದಾನದಲ್ಲಿ, ಎರಡು ವಾರ ಊರೊಳಗೆ. ಈಗ ಪತಿಯನ್ನು ಅವರೇ ಕರೆದುಕೊಂಡು ಹೋಗುತ್ತಾರೆ. ಹೆಂಗಸರ ಗಾಡಿಯೋ ಗಂಡಸರ ಗಾಡಿಯೋ ಎಂದು ಆ ಪತಿಯನ್ನು ಯಾರೂ ಕೇಳಿದಂತಿಲ್ಲ!

ಎಡಗಾಲಿನಲ್ಲಿ ಬಲವಿಲ್ಲದವರಿಗೆ, ಮಂಡಿನೋವಿನಿಂದ ನರಳುವ ಹಿರಿಯರಿಗೆ ಕೂಡ ಈ ಕಾರು ಮುಚ್ಚಿದ್ದ ಬಾಗಿಲನ್ನು ತೆರೆದಿದೆ. ಇದನ್ನು ಸೋಮಾರಿಗಳ ಕಾರು ಎಂದು ಗೇಲಿ ಮಾಡುವವರು ನಂತೂರಿನ ವೃತ್ತದಲ್ಲಿ ಸಂಜೆ ಆರು ಗಂಟೆಗೆ ಅರ್ಧ ತಾಸು ಕ್ಲಚ್ಚು ಒತ್ತಿ ಬಿಟ್ಟು ನೋಡಬೇಕು.

ಇನ್ನು ಜಾಣ್ಮೆಯ ಮಾತು. ಗೇರಿನ ಕಾರಿನಲ್ಲಿ ಎರಡು ಕಾಲು, ಎರಡು ಕೈಗಳಿಗೆ ಹಂಚಿಹೋಗಿದ್ದ ಹೊಣೆ ಇಲ್ಲಿ ಬಹುಮಟ್ಟಿಗೆ ಬಲಗಾಲಿನ ಮೇಲೆ ಬೀಳುತ್ತದೆ. ಗೇರಿನ ಕಾರಿನಲ್ಲಿ ಗಾಬರಿಯಾಗಿ ಏನೋ ತಪ್ಪಿದರೆ ಎಷ್ಟೋ ಸಲ ಎಂಜಿನ್ ಬಂದ್ ಆಗಿ ಕಾರು ನಿಂತುಬಿಡುತ್ತದೆ. ಆಟೋಮ್ಯಾಟಿಕ್‌ನಲ್ಲಿ ಆ ರಕ್ಷಣೆ ಇಲ್ಲ. ಬ್ರೇಕೆಂದು ಎಕ್ಸಲೇಟರ್ ಒತ್ತಿದರೆ ಅದು ಹೇಳಿದಂತೆ ಕೇಳಿ ಮುನ್ನುಗ್ಗುತ್ತದೆ. ಗೋಡೆ ಒಡೆದು ಅಂಗಡಿಯೊಳಗೆ ನುಗ್ಗಿದ ಕಾರುಗಳ ಸುದ್ದಿಯನ್ನು ನೀವೂ ಓದಿರಬಹುದು. ಹಿಂದಕ್ಕೆ ತೆಗೆಯುವಾಗ ಈ ಅಪಾಯ ವಿಶೇಷವಾಗಿ ಇದೆ. ದೇಹ ತಿರುಗಿಸಿ ಹಿಂದೆ ನೋಡುವಾಗ ನಮಗೆ ತಿಳಿಯದಂತೆ ಪಾದವೂ ಜಾಗ ಬದಲಿಸುತ್ತದೆ. ಆದ್ದರಿಂದ ಹಿಮ್ಮಡಿ ಬ್ರೇಕಿನ ನೇರಕ್ಕೆ ನೆಲದ ಮೇಲೆ ಊರಿರಲಿ. ಎಕ್ಸಲೇಟರ್ ಬೇಕಾದಾಗ ಬೆರಳುಗಳ ಭಾಗ ಮಾತ್ರ ಬಲಕ್ಕೆ ಹೊರಳಲಿ, ಕೆಲಸ ಮುಗಿದೊಡನೆ ಬ್ರೇಕಿಗೆ ಮರಳಲಿ. ಇದು ಅಭ್ಯಾಸವಾಗುವ ತನಕ ಜನನಿಬಿಡ ರಸ್ತೆಗೆ ಹೋಗಬೇಡಿ.

ಎಡಗಾಲನ್ನು ಏನು ಮಾಡುವುದು? ಏನೂ ಮಾಡಬೇಡಿ. ಬದಿಯಲ್ಲಿ ಇಟ್ಟು ಮರೆತುಬಿಡಿ. ವರ್ಷಗಟ್ಟಲೆ ಗೇರಿನ ಕಾರು ಓಡಿಸಿದವರಿಗೆ ಇದೇ ಕಷ್ಟ. ನಿಲ್ಲಿಸುವಾಗ ಎಡಗಾಲು ಹಳೆಯ ನೆನಪಿನಿಂದ ಕ್ಲಚ್ಚನ್ನು ಹುಡುಕುತ್ತಾ ಹೋಗಿ ಬ್ರೇಕನ್ನು ಒದ್ದುಬಿಡುತ್ತದೆ. ಕಾರು ಗಕ್ಕನೆ ನಿಂತು, ಒಳಗಿದ್ದವರು ಮುಗ್ಗರಿಸಿ, ಹಿಂದಿನವನು ಬಂದು ಗುದ್ದುತ್ತಾನೆ. ನಮ್ಮ ಸಹೋದರಿಯರಿಗೆ ಇನ್ನೊಂದು ಮಾತು. ಬುರ್ಖಾದ ಅಂಚು, ಸೀರೆಯ ನೆರಿಗೆ ಪೆಡಲಿಗೆ ಸಿಕ್ಕಿಕೊಳ್ಳದಂತೆ ಮಂಡಿಯ ಕಡೆ ತುಸು ಎಳೆದುಕೊಂಡು ಕುಳಿತುಕೊಳ್ಳಿ. ಎತ್ತರ ಹಿಮ್ಮಡಿಯ ಚಪ್ಪಲಿ ಬೇಡ. ಕಳಚಿದ ಚಪ್ಪಲಿಯನ್ನೂ ನೀರಿನ ಬಾಟಲಿಯನ್ನೂ ಪೆಡಲಿನ ಬಳಿ ಬಿಡುವುದಂತೂ ಬೇಡವೇ ಬೇಡ. ಬ್ರೇಕಿನ ಅಡಿಗೆ ಉರುಳಿದ ಒಂದು ಬಾಟಲಿ ಸಾಕು.

ಆಟೋಮ್ಯಾಟಿಕ್‌ಗೆ ಒಂದು ಗುಣವಿದೆ. ‘ಡಿ’ಗೆ ಹಾಕಿ ಬ್ರೇಕ್ ಬಿಟ್ಟರೆ ಸಾಮಾನ್ಯವಾಗಿ ಅದು ತಾನಾಗಿಯೇ ಮೆಲ್ಲಗೆ ತೆವಳುತ್ತದೆ. ಸಾಲುಗಟ್ಟಿದ ವಾಹನಗಳ ನಡುವೆ, ಮನೆಯಂಗಳದ ಇಕ್ಕಟ್ಟಿನಲ್ಲಿ ಇದೊಂದು ವರ. ಎಕ್ಸಲೇಟರ್ ಮುಟ್ಟದೆ, ಬ್ರೇಕನ್ನು ಕೂದಲೆಳೆಯಷ್ಟು ಸಡಿಲಿಸಿ ಬಿಗಿ ಮಾಡಿ ಕಾರನ್ನು ಗೇಣುಗೇಣಾಗಿ ಸರಿಸುವುದರಲ್ಲಿ ಒಂದು ಸುಖವಿದೆ. ತುಂಬಿದ ಹಾಲಿನ ಪಾತ್ರೆಯನ್ನು ಚೆಲ್ಲದಂತೆ ಒಲೆಯಿಂದ ಇಳಿಸಿದ ಹಾಗೆ. ಆದರೆ ಇದೇ ಗುಣ ಅಪಾಯವೂ ಹೌದು. ಗೇಟು ತೆರೆಯಲೆಂದು ಎಂಜಿನ್ ಚಾಲೂ ಇಟ್ಟು, ‘ಡಿ’ಯಲ್ಲೇ ಬಿಟ್ಟು ಇಳಿದರೆ ಕಾರು ನಿಮ್ಮ ಹಿಂದೆಯೇ ಬರುತ್ತದೆ! ಒಳಗೆ ಮಕ್ಕಳಿದ್ದರೆ ಒಂದು ನಿಮಿಷದ ಕೆಲಸಕ್ಕೂ ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಕೀಲಿ ಕೈಯಲ್ಲಿ ಹಿಡಿದು ಇಳಿಯಬೇಕು.

ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ. ಹೆಚ್ಚಿನವರು ಇಳಿಜಾರಿನಲ್ಲಿ ಕಾರು ನಿಂತೊಡನೆ ‘ಪಿ’ಗೆ ತಳ್ಳಿ ಕಾಲು ತೆಗೆಯುತ್ತಾರೆ. ಆಗ ಕಾರಿನ ಇಡೀ ಭಾರ ಗೇರ್‌ಬಾಕ್ಸಿನೊಳಗಿನ ಒಂದು ಸಣ್ಣ ಕೊಂಡಿಯ ಮೇಲೆ ಬೀಳುತ್ತದೆ. ಮತ್ತೆ ಹೊರಡುವಾಗ ‘ಟಕ್’ ಎಂಬ ಸದ್ದು ಬರುವುದು ಅದರಿಂದಲೇ. ಬ್ರೇಕ್ ಒತ್ತಿಕೊಂಡೇ ‘ಎನ್’ಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾಲು ಸ್ವಲ್ಪ ಸಡಿಲಿಸಿ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂರಲಿ. ಆಮೇಲೆ ಪುನಃ ಬ್ರೇಕ್ ಒತ್ತಿ ‘ಪಿ’ಗೆ ಹಾಕಿ. ಅನೇಕ ಎಎಂಟಿ ಕಾರುಗಳಲ್ಲಿ ‘ಪಿ’ ಇರುವುದೇ ಇಲ್ಲ. ಅವುಗಳಲ್ಲಿ ಗೇರಿನಲ್ಲೇ ಇಟ್ಟು ಎಂಜಿನ್ ಆರಿಸಿ ಹ್ಯಾಂಡ್‌ಬ್ರೇಕ್ ಹಾಕುತ್ತಾರೆ. ಮುಂದಕ್ಕೆ ಚಲಿಸುತ್ತಿರುವಾಗಲೇ ‘ಆರ್’ಗೆ ಎಳೆಯುವ ಅವಸರವಂತೂ ಕೂಡದು. ಕಾರು ಪೂರ್ತಿ ನಿಲ್ಲಲಿ.

ಎಎಂಟಿ ಕಾರಿಗೆ ಒಂದು ಸಣ್ಣ ಹುಳುಕಿದೆ. ಗೇರು ಬದಲಾಗುವಾಗ ಒಂದು ಕ್ಷಣ ಉಸಿರು ಹಿಡಿದಂತೆ ತಡೆದು, ಒಳಗಿರುವವರ ತಲೆ ತೂಗುತ್ತದೆ. ಅದು ಗೇರು ಬದಲಿಸುವ ಹೊತ್ತನ್ನು ಕಿವಿಯಿಂದ ತಿಳಿದು ಆ ಕ್ಷಣಕ್ಕೆ ಎಕ್ಸಲೇಟರನ್ನು ತುಸು ಸಡಿಲಿಸಿದರೆ ತೂಗಾಟ ಬಹಳಷ್ಟು ಕಡಿಮೆಯಾಗುತ್ತದೆ. ನಾಲ್ಕು ದಿನ ಓಡಿಸಿದವರಿಗೆ ಇದು ಗೊತ್ತಾಗದು, ನಾಲ್ಕು ತಿಂಗಳು ಓಡಿಸಿದವರಿಗೆ ಯಾರೂ ಹೇಳಬೇಕಾಗದು. ಏರಿನಲ್ಲಿ ವಾಹನಗಳು ನಿಂತಾಗ ಎಕ್ಸಲೇಟರ್ ಒತ್ತಿ ಕಾರನ್ನು ತಡೆದು ನಿಲ್ಲಿಸಿಕೊಳ್ಳಬೇಡಿ. ಒಳಗಿನ ಕ್ಲಚ್ಚು ಕಾದು ಸುಡುತ್ತದೆ. ಬ್ರೇಕನ್ನೇ ಬಳಸಿ. ನಮ್ಮ ಮಂಗಳೂರಿನ ಕಡೆ ಗೇಟಿನಿಂದ ರಸ್ತೆಗೆ ಬರುವ ದಾರಿಯೇ ಏರಾಗಿರುತ್ತದೆ. ಅಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಎಕ್ಸಲೇಟರ್ ಕೊಟ್ಟು, ಕಾರು ಮುಂದಕ್ಕೆ ತವಕಿಸಿದಾಗ ಹ್ಯಾಂಡ್‌ಬ್ರೇಕ್ ಇಳಿಸಿದರೆ ಹಿಂದಕ್ಕೆ ಜಾರುವ ಭಯವಿಲ್ಲ.

ಘಾಟಿಯೇ ನಿಜವಾದ ಪರೀಕ್ಷೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಕಾರನ್ನು ‘ಡಿ’ಯಲ್ಲೇ ಬಿಟ್ಟರೆ ಅದು ಇಳಿಜಾರೆಂದು ಹಗುರವಾಗಿ ಮೇಲಿನ ಗೇರಿಗೆ ಹೋಗುತ್ತದೆ. ವೇಗ ಹೆಚ್ಚುತ್ತದೆ. ನೀವು ಪ್ರತಿ ತಿರುವಿನಲ್ಲೂ ಬ್ರೇಕ್ ಒತ್ತುತ್ತೀರಿ. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬರುತ್ತದೆ. ಬ್ರೇಕ್ ಅತಿಯಾಗಿ ಕಾದರೆ ಅದರ ಹಿಡಿತವೇ ತಪ್ಪುತ್ತದೆ. ಆದ್ದರಿಂದ ಇಳಿಯಲು ಶುರುಮಾಡುವ ಮೊದಲೇ ‘ಎಲ್’ ಅಥವಾ ‘ಎಂ’ಗೆ ತಂದು ಕೆಳಗಿನ ಗೇರಿನಲ್ಲಿ ಇರಿಸಿ. ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ. ಪೆಟ್ರೋಲ್ ಉಳಿಸುವ ಆಸೆಯಿಂದ ‘ಎನ್’ನಲ್ಲಿ ಇಳಿಯುವುದು ಪ್ರಾಣದೊಂದಿಗೆ ಆಡುವ ಆಟ. ಶಿರಾಡಿ ಏರುವಾಗ ಲಾರಿಯನ್ನು ದಾಟುವುದಿದ್ದರೆ, ದಾಟಲು ಹೊರಟ ಮೇಲೆ ಎಕ್ಸಲೇಟರ್ ತುಳಿಯಬೇಡಿ. ಎಎಂಟಿ ಯೋಚಿಸಿ ಗೇರು ಇಳಿಸುವಷ್ಟರಲ್ಲಿ ಎದುರಿನ ಬಸ್ಸು ಬಂದಿರುತ್ತದೆ. ಮೊದಲೇ ‘ಎಂ’ನಲ್ಲಿ ಒಂದು ಗೇರು ಇಳಿಸಿ, ರಸ್ತೆ ಖಾಲಿಯಿದ್ದರೆ ಮಾತ್ರ ಹೊರಡಿ.

ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬರುವ ನಮ್ಮ ಸಹೋದರರ ಪಾಡು ಬೇರೆ. ಅಲ್ಲಿ ವರ್ಷಗಟ್ಟಲೆ ಆಟೋಮ್ಯಾಟಿಕ್ ಓಡಿಸಿ ಕ್ಲಚ್ಚನ್ನೇ ಮರೆತಿರುತ್ತಾರೆ. ಇಲ್ಲಿ ಆಟೋಮ್ಯಾಟಿಕ್ ಸಿಕ್ಕರೂ ಸ್ಟಿಯರಿಂಗ್ ಬಲಕ್ಕಿದೆ. ಕಾಲಿಗೆ ಎಲ್ಲವೂ ಪರಿಚಿತ, ಕೈಗೆ ಎಲ್ಲವೂ ತಿರುಗುಮುರುಗು. ಬಿರುಬಿಸಿಲಿನಲ್ಲಿ ವೈಪರ್ ಹಾಕಿಕೊಂಡು ಎಡಕ್ಕೆ ತಿರುಗುವ ಕಾರು ಕಂಡರೆ ಒಳಗೆ ರಜೆಗೆ ಬಂದವರು ಇದ್ದಾರೆಂದು ತಿಳಿಯಬಹುದು. ಸೌದಿ ಅರೇಬಿಯಾದಲ್ಲಿ 2018ರ ಜೂನ್ 24ರಿಂದ ಮಹಿಳೆಯರಿಗೂ ವಾಹನ ಚಲಾಯಿಸಲು ಅವಕಾಶವಾಯಿತು. ಆ ಬಳಿಕ ಅಲ್ಲಿ ಕಲಿತ ಪರಿಚಯದ ಸಹೋದರಿಯರು ಊರಿಗೆ ಬಂದಾಗ ಕೇಳುವ ಪ್ರಶ್ನೆ, “ಇಲ್ಲಿ ಆಟೋಮ್ಯಾಟಿಕ್‌ಗೆ ಬೇರೆ ಲೈಸನ್ಸ್ ಬೇಕೇ?” ಯುಎಇಯಲ್ಲಿ ಆಟೋಮ್ಯಾಟಿಕ್‌ನಲ್ಲಿ ಪರೀಕ್ಷೆ ಕೊಟ್ಟವರಿಗೆ ಆಟೋಮ್ಯಾಟಿಕ್ ಮಾತ್ರ. ನಮ್ಮಲ್ಲಿ ಕಾರಿನ ಲೈಸನ್ಸು ಎರಡಕ್ಕೂ ಒಂದೇ.

ಸಂತೋಷದ ಮಾತನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಮಳೆಗಾಲದಲ್ಲಿ ಕುಂದಾಪುರ ದಾಟಿ ಮರವಂತೆಗೆ ಬಂದಾಗ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಎರಡೂ ಕೈ ಸ್ಟಿಯರಿಂಗಿನ ಮೇಲೆ, ಕಣ್ಣು ರಸ್ತೆಯ ಮೇಲೆ. ಕೈಕಾಲುಗಳ ತಾಪತ್ರಯವಿಲ್ಲದ ಕಾರಣ ಮನಸ್ಸು ಮುಂದಿನ ವಾಹನವನ್ನೂ ರಸ್ತೆ ದಾಟಲು ನಿಂತ ಅಜ್ಜಿಯನ್ನೂ ಬೇಗ ಗಮನಿಸುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು ಜಗಳವಾಡಿದರೂ ಸಿಟ್ಟು ಬರುವುದು ಕಡಿಮೆ. ಇದು ನನ್ನೊಬ್ಬನ ಅನುಭವವಲ್ಲ, ಕೇಳಿ ನೋಡಿ.

ಕಲಿಯಲು ಹೊರಟವರು ಮೊದಲ ದಿನ ಖಾಲಿ ಮೈದಾನದಲ್ಲಿ ಎಕ್ಸಲೇಟರನ್ನು ಮುಟ್ಟಲೇಬೇಡಿ. ಅರ್ಧ ಗಂಟೆ ಬರೇ ಬ್ರೇಕಿನಿಂದ ಕಾರನ್ನು ತೆವಳಿಸಿ, ನಿಲ್ಲಿಸಿ, ಹಿಂದಕ್ಕೆ ತೆಗೆಯಿರಿ. ನೆಲದಲ್ಲಿ ಒಂದು ಗೆರೆ ಎಳೆದು, ಒಳಗಿದ್ದವರು ಅಲುಗದಂತೆ ಅದರ ಮೇಲೆ ನಿಲ್ಲಿಸಲು ಪ್ರಯತ್ನಿಸಿ. ಅದು ಸಾಧ್ಯವಾದ ಮೇಲೆ ಎಕ್ಸಲೇಟರಿನ ಪಾಠ. ಕಾರಿನಲ್ಲಿ ಒಂದು ಜತೆ ಜಂಪರ್ ಕೇಬಲ್ ಇಟ್ಟುಕೊಳ್ಳಿ. ಬ್ಯಾಟರಿ ಸತ್ತ ದಿನ ಊರಿನ ನಾಲ್ಕು ಹುಡುಗರು ಪ್ರೀತಿಯಿಂದ ತಳ್ಳಲು ಓಡಿ ಬರುತ್ತಾರೆ, ಆದರೆ ಈ ಕಾರು ತಳ್ಳಿದರೆ ಚಾಲೂ ಆಗುವುದಿಲ್ಲ. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಲೂ ಬೇಡಿ. ಹೆಚ್ಚಿನ ಆಟೋಮ್ಯಾಟಿಕ್‌ಗಳಲ್ಲಿ ಚಕ್ರ ತಿರುಗುತ್ತಾ ಎಳೆದರೆ ಗೇರ್‌ಬಾಕ್ಸ್ ಹಾಳಾಗುತ್ತದೆ. ಕಾರನ್ನು ಮೇಲೆ ಹೇರಿಕೊಂಡು ಹೋಗುವ ವಾಹನವನ್ನೇ ಕರೆಸಿ, ಅದರವರ ಫೋನ್ ನಂಬರನ್ನು ಇಂದೇ ಬರೆದಿಟ್ಟುಕೊಳ್ಳಿ.