ಮಗುವಿಗೆ ಜ್ವರ ಬಂದ ದಿನ

ಚಿನ್ನಮನೂರಿನ ಸಮೀಪದ ಮಾರ್ಕಯನ್‌ಕೋಟ್ಟೈಯಂತಹ ಊರುಗಳಲ್ಲಿ ದುಡಿಮೆಯ ದಿನವು ಬೇಗನೆ ಆರಂಭವಾಗುತ್ತದೆ. ಕೆಲವರು ದ್ರಾಕ್ಷಿ ತೋಟಕ್ಕೆ, ಕೆಲವರು ಜವಳಿ ಅಂಗಡಿಗೆ ಅಥವಾ ನೂಲಿನ ಗಿರಣಿಗೆ ಹೊರಡುತ್ತಾರೆ. ಕಂಬಂ ಕಣಿವೆಯ ಅನೇಕ ಹೆಂಗಸರು ಜೀಪು ಹತ್ತಿ ಗಡಿಯಾಚೆಯ ಏಲಕ್ಕಿ ಮಲೆಗೆ ಹೋಗುತ್ತಾರೆ. ಅಂತಹ ಮುಂಜಾವಿನಲ್ಲಿ ಮಗುವಿನ ಮೈ ಜ್ವರದಿಂದ ಸುಡುತ್ತಿದ್ದರೆ, "ಈ ದಿನ ನನಗೇ ಹುಷಾರಿಲ್ಲ" ಎಂದು ತಾಯಿ ಮ್ಯಾನೇಜರಿಗೆ ಹೇಳಿ ಕಳುಹಿಸುವುದುಂಟು. ಮಗುವಿನ ಹೆಸರು ಹೇಳಿದರೆ ರಜೆ ದೊರೆಯದೆಂಬ ಭಯವೇ ಈ ಸುಳ್ಳಿಗೆ ಕಾರಣ.

ಅಂಗಡಿಗಳಲ್ಲಿ ದುಡಿಯುವವರಿಗಾದರೂ ಈ ಸುಳ್ಳು ಅಗತ್ಯವಿಲ್ಲ. ತಮಿಳುನಾಡಿನ 1947ರ ಅಂಗಡಿಗಳ ಮತ್ತು ಸಂಸ್ಥೆಗಳ ಕಾಯ್ದೆಯ 25ನೆಯ ಕಲಮಿನಂತೆ, ನೌಕರನ ಸ್ವಂತ ಕಾಯಿಲೆಗೆ ವರ್ಷದಲ್ಲಿ 12 ದಿನಗಳವರೆಗೆ ಸಂಬಳಸಹಿತ ರಜೆಯಿದೆ. ಅದಲ್ಲದೆ, ಯಾವುದೇ ಯುಕ್ತ ಕಾರಣಕ್ಕೆ 12 ದಿನಗಳವರೆಗೆ ಸಾಂದರ್ಭಿಕ ರಜೆಯೂ ಇದೆ. ಮಗುವಿನ ಜ್ವರಕ್ಕಿಂತ ಯುಕ್ತವಾದ ಕಾರಣ ಬೇರೇನಿದೆ?

ಗಿರಣಿಯವರ ಸ್ಥಿತಿ ಬೇರೆ. ಇ.ಎಸ್.ಐ. ಯೋಜನೆಯಲ್ಲಿ ಕಾರ್ಮಿಕಳ ಮಗುವಿಗೂ ಚಿಕಿತ್ಸೆ ದೊರೆಯುತ್ತದೆ. ಆದರೆ ಕಾಯಿಲೆ ಭತ್ಯವು ಆಕೆಯ ಸ್ವಂತ ಅನಾರೋಗ್ಯಕ್ಕೆ ಮಾತ್ರ. ಮಗುವಿಗೆ ಔಷಧವಿದೆ, ಅದರ ಬಳಿ ಕುಳಿತ ತಾಯಿಯ ದಿನಕ್ಕೆ ಕೂಲಿಯಿಲ್ಲ. ಈ ಅಂತರವನ್ನು ತುಂಬುವುದು ಮ್ಯಾನೇಜರನ ವಿವೇಕಕ್ಕೆ ಬಿಟ್ಟ ಸಂಗತಿ.

ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜಿನ ಅಧ್ಯಾಪಕಿಯೊಬ್ಬರು, ಹುಟ್ಟಿನಿಂದಲೇ ಅಸ್ವಸ್ಥನಾದ ಮಗನ ಆರೈಕೆಯಲ್ಲಿ ತಮ್ಮ ರಜೆಯನ್ನೆಲ್ಲ ಮುಗಿಸಿ ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. ಉದ್ಯೋಗದಲ್ಲಿ ಸ್ತ್ರೀಯರು ಪಾಲ್ಗೊಳ್ಳುವುದು ಯಾರೋ ಕೊಡುವ ಅನುಗ್ರಹವಲ್ಲ, ಅದು ಸಂವಿಧಾನದ ಅಪೇಕ್ಷೆಯೆಂದು ನ್ಯಾಯಾಲಯವು 2024ರ ಏಪ್ರಿಲಿನಲ್ಲಿ ಹೇಳಿ, ಶಿಶುಪಾಲನಾ ರಜೆಯ ನೀತಿಯನ್ನು ಪರಿಶೀಲಿಸುವಂತೆ ಆ ರಾಜ್ಯಕ್ಕೆ ಸೂಚಿಸಿತು. ಆ ಮಾತು ಸರ್ಕಾರವೆಂಬ ಯಜಮಾನನನ್ನು ಕುರಿತದ್ದು. ಆದರೂ ಖಾಸಗಿ ಯಜಮಾನರು ಅದರಿಂದ ಕಲಿಯಬಹುದು.

ಮೂವರೇ ನೌಕರರಿರುವ ಅಂಗಡಿಯಲ್ಲಿ ಒಬ್ಬಳು ಬಾರದಿದ್ದರೆ ಕಷ್ಟವೆಂಬುದು ನಿಜ. ಆ ಕಷ್ಟಕ್ಕೆ ಪರಿಹಾರ ಬೇಗ ತಿಳಿಯುವುದರಲ್ಲಿದೆ. ನಿಜ ಹೇಳಿದವಳನ್ನು ಗದರಿಸದ ಮ್ಯಾನೇಜರಿಗೆ ಬೆಳಗಿನಲ್ಲೇ ನಿಜ ತಿಳಿಯುತ್ತದೆ. ಬದಲಿ ಆಳನ್ನು ಹುಡುಕಲು, ಪಾಳಿ ಬದಲಿಸಲು ಸಮಯ ಸಿಗುತ್ತದೆ. ಒಂದು ದಿನದ ಜ್ವರಕ್ಕೆ ವೈದ್ಯರ ಚೀಟಿಯನ್ನು ಕೇಳದಿರುವುದು ಲೇಸು. ತಂದೆಯೇ ರಜೆ ಕೇಳಿದಾಗ "ಮನೆಯಲ್ಲಿ ಹೆಂಗಸರಿಲ್ಲವೇ?" ಎಂದು ನಗದಿರುವುದು ಇನ್ನೂ ಲೇಸು.

ನೌಕರರಿಗೂ ಕರ್ತವ್ಯವಿದೆ: ಕೆಲಸದ ವೇಳೆಗೆ ಮುನ್ನವೇ ತಿಳಿಸುವುದು, ಮರಳಿದ ದಿನ ಕಾರಣವನ್ನು ಬರೆದುಕೊಟ್ಟು ಪ್ರತಿಯೊಂದನ್ನು ಇಟ್ಟುಕೊಳ್ಳುವುದು. ಅದೇ ಕಾಯ್ದೆಯ 41ನೆಯ ಕಲಮು, ಆರು ತಿಂಗಳು ದುಡಿದವರನ್ನು ಯುಕ್ತ ಕಾರಣವಿಲ್ಲದೆ ತೆಗೆದುಹಾಕುವುದನ್ನು ತಡೆಯುತ್ತದೆ. ಆಗ ಆ ಪ್ರತಿಯೇ ಸಾಕ್ಷಿ.

ದಿನಗೂಲಿಯವರ ಕೈಯಲ್ಲಿ ಇಂತಹ ಕಾಗದವೂ ಇರುವುದಿಲ್ಲ. ಮಗುವಿಗಾಗಿ ಒಂದು ದಿನದ ಕೂಲಿಯನ್ನು ಆಕೆ ಆಗಲೇ ಕಳೆದುಕೊಂಡಿರುತ್ತಾಳೆ. ಮರುದಿನದ ಜೀಪಿನಲ್ಲಿ ಆಕೆಯ ಸ್ಥಾನವನ್ನು ಉಳಿಸುವಷ್ಟನ್ನಾದರೂ ಮೇಸ್ತ್ರಿ ಮಾಡಬಹುದು.