ಹಡಗಿನ ಔತಣಕ್ಕೆ ಯಾವ ಉಡುಗೆ?

ಲಚ್ಯಾಣದಿಂದ ಸೊಲ್ಲಾಪುರ ಮಾರ್ಗವಾಗಿ ಮುಂಬಯಿಗೆ ಹೋಗಿ ವಿಲಾಸಿ ಹಡಗು ಏರಬಯಸುವ ಶ್ರಾವಕರು ಮೊದಲು ವಿಚಾರಿಸುವುದು, ‘ಜೈನ ಊಟ ದೊರೆಯುವುದೇ?’ ದೊರೆಯುತ್ತದೆ, 2021ರಲ್ಲಿ ಮುಂಬಯಿಯಿಂದ ಸಂಚಾರ ಆರಂಭಿಸಿದ ಕಾರ್ಡೀಲಿಯಾ ಹಡಗು ಒದಗಿಸುತ್ತದೆ. ಗಡ್ಡೆಗೆಣಸು ಇಲ್ಲವೆಂದರೆ ಸಾಕು, ಸಮಾಧಾನ! ಸೂರ್ಯಾಸ್ತದ ನಂತರ ಕುಳಿತುಂಡರೆ ಅದು ರಾತ್ರಿಭೋಜನವಲ್ಲವೇ?

ಇನ್ನು ಉಡುಗೆ. ಇಂಥ ಹಲವು ಹಡಗುಗಳು ಔತಣದ ರಾತ್ರಿ ಗಂಡಸರಿಂದ ಕೋಟು, ಟೈ, ಬೂಟು ನಿರೀಕ್ಷಿಸುತ್ತವೆ. ಬೂಟು ತೊಗಲಿನದು. ಹೆಣ್ಣುಮಕ್ಕಳು ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆಯುತ್ತಾರೆ. ಎಳೆ ತುಂಡಾಗದಿರಲೆಂದು, ಪತಂಗ ಹೊರಬರುವ ಮೊದಲೇ ಗೂಡಿನೊಳಗಿನ ಜೀವವನ್ನು ಬಿಸಿಹಬೆಯಲ್ಲಿ ಕೊಂದು ನೂಲು ಬಿಚ್ಚಿದ ಬಟ್ಟೆಯದು. ಗಡ್ಡೆಯೊಳಗಿನ ಕಾಣದ ಜೀವಿಗಳಿಗೆ ಅಂಜುವವರು ಕಣ್ಣಿಗೆ ಕಾಣುವ ಹುಳುವಿಗೇಕೆ ಅಂಜರು? ಹತ್ತಿಯ ಸೀರೆ ಉಟ್ಟವರನ್ನು ಯಾವ ಹಡಗೂ ಸಮುದ್ರಕ್ಕೆ ದೂಡದು.

ದಾನಿಗಳಿಗೆ ರೇಷ್ಮೆ ಶಾಲು ಹೊದಿಸುವ ಬಸದಿ ಟ್ರಸ್ಟಿನ ಹಿರಿಯರು ಮುನಿಯಬಹುದು. ಮುಂದಿನ ಸಭೆಯಲ್ಲಿ ಅವರೂ ಆ ಶಾಲನ್ನು ಹತ್ತಿಗೆ ಬದಲಿಸಲಿ.