ಜಕ್ಕೂರು ಕೆರೆಯ ದಡದಲ್ಲಿ

"ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೆ?" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಹೊಸದಾಗಿ ಬಂದವರನ್ನು ಕಾಣಲು ಅವಸರಪಡಬೇಕಾಗಿಲ್ಲ. ಒಂದಲ್ಲ ಒಂದು ಹೊತ್ತು ಕೊಡವನ್ನೆತ್ತಿಕೊಂಡು ಬಾವಿಗೋ ಕೆರೆಗೋ ಅವರು ಬಂದೇ ಬರುತ್ತಾರೆ ಎಂಬುದು ಅದರ ತಾತ್ಪರ್ಯ. ಆದರೆ ಈ ಗಾದೆಯನ್ನು ಕಟ್ಟಿದವರು ಈಗಿನ ಬೆಂಗಳೂರನ್ನು ಕಂಡವರಲ್ಲ. ಅಲ್ಲಿ ನೀರೇ ಮನೆಗೆ ಬರುತ್ತದೆ. ಊರಿಗೆ ಬಂದವರು ಮೂವತ್ತು ವರ್ಷ ಸಂಸಾರ ಮಾಡಿಯೂ ನೀರಿನ ಬಳಿಗೆ ಒಮ್ಮೆಯೂ ಬಾರದೆ ಇರಬಹುದು. ಕಳೆದ ದಸರೆಯ ರಜೆಯಲ್ಲಿ ಅಕ್ಕನ ಮನೆಗೆ ಹೋಗಿ ಎಂಟು ದಿನ ಇದ್ದು ಬಂದ ಮೇಲೆ ನನ್ನ ಮನಸ್ಸಿನಲ್ಲಿ ಎದ್ದ ಕೆಲವು ವಿಚಾರಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮುತ್ತಿನಕೊಪ್ಪದವನಾದ ನನಗೆ ನೀರು ಹೊಸದಲ್ಲ. ನಮ್ಮ ಊರಿನ ಒಂದು ಕಡೆಗೆ ತುಂಗೆ, ಇನ್ನೊಂದು ಕಡೆಗೆ ಭದ್ರೆಯ ಹಿನ್ನೀರು. ರಾತ್ರಿಯ ಬಸ್ಸು ಹತ್ತಿ ಬೆಳಗಿನ ಜಾವಕ್ಕೆ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಇಳಿದೆನು. ಇಳಿದ ಮೇಲೆ ಭಾವನವರು ನಗುತ್ತ ಹೇಳಿದ ಮೊದಲ ಮಾತೇ, "ನೀನು ಕೆರೆಯ ಅಂಗಳದಲ್ಲಿ ನಿಂತಿದ್ದೀಯಪ್ಪ" ಎಂಬುದು. ಅದು ಹಾಸ್ಯವಲ್ಲ, ನಿಜ. ಆ ನಿಲ್ದಾಣ ಇರುವ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ಸಂಪಂಗಿ ಕೆರೆಯ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ನಮ್ಮಂಥ ಹಳ್ಳಿಯ ಹುಡುಗರು ಕೆಲಸ ಹುಡುಕಿಕೊಂಡು ಬಂದು ಮೊದಲು ಕಾಲಿಡುವುದೇ ಕೆರೆಯ ಅಂಗಳದಲ್ಲಿ. ಆದರೆ ನಮಗೆ ಅದು ತಿಳಿದಿರುವುದಿಲ್ಲ.

ಅಕ್ಕನ ಮನೆ ಇರುವುದು ನಗರದ ಉತ್ತರಕ್ಕೆ, ಯಲಹಂಕಕ್ಕೆ ಸಮೀಪವಾದ ಜಕ್ಕೂರಿನಲ್ಲಿ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಜಾಗ. ಈಗ ಬಡಾವಣೆಗಳೂ ಬಹುಮಹಡಿಯ ಮನೆಗಳೂ ಎದ್ದಿವೆ. ಆದರೂ ಪೇಟೆಯ ಗದ್ದಲ ಅಲ್ಲಿಗೆ ಅಷ್ಟಾಗಿ ತಲುಪಿಲ್ಲ. ಅದಕ್ಕೆ ಮುಖ್ಯ ಕಾರಣ ಸುಮಾರು 160 ಎಕರೆಯ ಜಕ್ಕೂರು ಕೆರೆ. ಬೆಳಿಗ್ಗೆ ಆರು ಗಂಟೆಗೆ ಏರಿಯ ಮೇಲೆ ನಿಂತರೆ ಹೆಜ್ಜಾರ್ಲೆಗಳು ಹಡಗುಗಳಂತೆ ತೇಲುವುದನ್ನೂ, ನೀರುಕಾಗೆಗಳು ರೆಕ್ಕೆ ಹರಡಿ ಬಿಸಿಲು ಕಾಯಿಸುವುದನ್ನೂ ಕಾಣಬಹುದು. ಇದು ಬೆಂಗಳೂರೇ ಹೌದೇ ಎಂದು ನನಗೆ ಸಂದೇಹ ಬಂದಿತು.

ಎರಡನೆಯ ದಿನದಿಂದ ಅಕ್ಕನ ಮಗನೊಡನೆ ನಿತ್ಯವೂ ಕೆರೆಗೆ ಹೋಗತೊಡಗಿದೆನು. ಅವನಿಗೆ ಹತ್ತು ವರ್ಷ, ಚುರುಕು ಬುದ್ಧಿ. ಮನೆಯಲ್ಲಿ ಕನ್ನಡ ಆಡುತ್ತಾನೆ. ಮನೆಯ ಹೊಸಿಲು ದಾಟಿದೊಡನೆ ಇಂಗ್ಲಿಷಿಗೆ ತಿರುಗುತ್ತಾನೆ. ಏರಿಯ ಮೇಲೆ ಎರಡು ಬಗೆಯ ಜನ ಕಂಡುಬಂದರು. ಒಂದು ಬಗೆಯವರು ಕಾಲಿಗೆ ಬೂಟು ಹಾಕಿಕೊಂಡು ಬಿರುಸಾಗಿ ನಡೆಯುವವರು. ಅವರ ಮಾತು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಇನ್ನೊಂದು ಬಗೆಯವರು ತೆಪ್ಪದಲ್ಲಿ ಬಲೆ ಹಾಕುವವರು, ಹುಲ್ಲು ಕೊಯ್ಯುವವರು, ಕಸ ಗುಡಿಸುವವರು. ಅವರ ಮಾತು ಕನ್ನಡದಲ್ಲಿ, ಅಲ್ಲಲ್ಲಿ ತೆಲುಗಿನಲ್ಲಿ. ಒಂದೇ ಏರಿ, ಒಂದೇ ಗಾಳಿ. ಆದರೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲ.

ಒಂದು ದಿನ ಬಲೆ ಬಿಡಿಸುತ್ತ ಕುಳಿತಿದ್ದ ಮುದುಕರೊಬ್ಬರನ್ನು, "ಏನಜ್ಜ, ಮೀನು ಚೆನ್ನಾಗಿ ಬಿತ್ತೆ?" ಎಂದು ಮಾತನಾಡಿಸಿದೆನು.

"ಎಲ್ಲಿ ಸ್ವಾಮಿ, ಕೋಡಿ ಹರೀತಾ ಐತೆ. ಮೀನೆಲ್ಲ ಕೆಳಗೆ ರಾಚೇನಹಳ್ಳಿ ಕೆರೆಗೆ ಹೊಂಟೋಗ್ತವೆ" ಎಂದರು ಅವರು.

ಅಳಿಯ ನನ್ನ ಅಂಗಿಯನ್ನು ಜಗ್ಗಿ, "ಮಾವ, ಕೋಡಿ ಅಂದರೇನು?" ಎಂದು ಕೇಳಿದನು.

ಕೆರೆಯ ದಡದಲ್ಲಿ ಹುಟ್ಟಿ ಬೆಳೆದ ಹುಡುಗ ಕೋಡಿ ಎಂದರೇನೆಂದು ಕೇಳಿದನಲ್ಲಾ ಎಂದು ನನಗೆ ಕೆಡುಕೆನಿಸಿತು. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹರಿಯಲು ಬಿಟ್ಟ ದಾರಿ ಕೋಡಿ ಎಂದೂ, ಬೇಕಾದಾಗ ಬೇಕಾದಷ್ಟೇ ನೀರು ಬಿಡುವುದು ತೂಬು ಎಂದೂ, ಆ ನೀರುಂಡು ಬೆಳೆಯುವ ಗದ್ದೆಗಳು ಅಚ್ಚುಕಟ್ಟು ಎಂದೂ, ಇವೆಲ್ಲವನ್ನೂ ನೋಡಿಕೊಳ್ಳುವವನು ನೀರಗಂಟಿ ಎಂದೂ ತಿಳಿಸಿದೆನು. ಮೇಷ್ಟರ ಹಾಗೆ ಸ್ವಲ್ಪ ಬೀಗಿದೆನೆಂದು ಒಪ್ಪಿಕೊಳ್ಳಬೇಕು.

ಆದರೆ ಆ ಬೀಗು ಬಹಳ ಹೊತ್ತು ನಿಲ್ಲಲಿಲ್ಲ. "ಮಳೆ ನಿಂತು ಇಷ್ಟು ದಿನವಾದರೂ ಕೋಡಿ ಹರಿಯುತ್ತಿದೆಯಲ್ಲ, ಈ ನೀರು ಎಲ್ಲಿಂದ ಬಂತು?" ಎಂದು ನಾನು ಕೇಳಿದಾಗ ಉತ್ತರ ಹೇಳಿದವನು ಅಳಿಯನೇ. ಕೆರೆಯ ಮೇಲ್ಗಡೆ ಜಲಮಂಡಳಿಯ ಶುದ್ಧೀಕರಣ ಘಟಕವಿದೆ. ದಿನಕ್ಕೆ 1 ಕೋಟಿ ಲೀಟರ್ ಕೊಳಚೆ ನೀರನ್ನು ಶುದ್ಧಮಾಡುವ ಸಾಮರ್ಥ್ಯದಿಂದ ಅದು ಆರಂಭವಾಯಿತು. ಅಲ್ಲಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಆಪು, ಜೊಂಡು ಬೆಳೆದ ಜೌಗುಭೂಮಿಯ ಮೂಲಕ ನಿಧಾನವಾಗಿ ಹರಿದು ಬರುತ್ತದೆ. ಅಷ್ಟರಲ್ಲಿ ಆ ಗಿಡಗಳು ನೀರಿನಲ್ಲಿ ಉಳಿದ ಸಾರವನ್ನು ಹೀರಿಕೊಳ್ಳುತ್ತವೆ. ಇದನ್ನೆಲ್ಲ ಅವನು ಶಾಲೆಯಲ್ಲಿ ಕಲಿತಿದ್ದನು. ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ, ಬೆರಳು ತೋರಿಸಿ ವಿವರಿಸಿದನು. ನನಗೆ ಇದರಲ್ಲಿ ಒಂದೂ ತಿಳಿದಿರಲಿಲ್ಲ.

ಮುದುಕರು ಬಲೆಯನ್ನು ಕೆಳಗಿಟ್ಟು ಮನಸ್ಸಿಟ್ಟು ಕೇಳಿದರು. ಕೊನೆಗೆ, "ಅದು ಸರಿ ಮರಿ, ಕರೆಂಟು ಹೋಗಿ ಮಿಸೀನು ನಿಂತ ದಿವ್ಸ ಏನು ಮಾಡ್ತಾರೆ?" ಎಂದರು.

ಹುಡುಗನಲ್ಲಿ ಉತ್ತರವಿರಲಿಲ್ಲ. ನನ್ನಲ್ಲಂತೂ ಇರಲೇ ಇಲ್ಲ. ಆ ದಿನ ಕೆರೆಗೆ ಬರುವ ನೀರಿನ ಬಣ್ಣ, ವಾಸನೆ, ಮೀನು ಬಾಯಿ ತೆರೆದು ಮೇಲೆ ಬರುವ ರೀತಿ, ಇವೆಲ್ಲವೂ ಗೊತ್ತಿದ್ದುದು ಆ ಮುದುಕರಿಗೆ. ಆದರೆ ಅದನ್ನು ಅವರಿಂದ ಕೇಳಿ ತಿಳಿದು, ಸಂಬಂಧಪಟ್ಟವರಿಗೆ ಬರೆದು ತಿಳಿಸುವವರು ಯಾರು? ಬೂಟು ಹಾಕಿಕೊಂಡವರು ಅವರನ್ನು ದಾಟಿ ನಡೆದುಹೋಗುತ್ತಾರೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಬೆಂಗಳೂರು ಎರಡು ನುಡಿಯ ನಗರ. ಇದು ಇಂದು ನಿನ್ನೆಯದಲ್ಲ. 1809ರಲ್ಲಿ ದಂಡು ಬಂದು ನೆಲೆಸಿದಂದಿನಿಂದ ಪೇಟೆ ಬೇರೆ, ದಂಡು ಬೇರೆ ಆಗಿ ಬೆಳೆದವು. ಎರಡೂ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದ್ದು 1949ರಲ್ಲಿ. 2011ರ ಜನಗಣತಿಯಲ್ಲಿ ಬೆಂಗಳೂರು ಜಿಲ್ಲೆಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ. ತಮಿಳು, ತೆಲುಗು, ಉರ್ದು, ಹಿಂದಿ ಎಲ್ಲವೂ ಅಲ್ಲಿವೆ. ಆದರೂ ಹಲಗೆಯ ಮೇಲೆ ಎದ್ದು ಕಾಣುವುದು ಎರಡೇ, ಕನ್ನಡ ಮತ್ತು ಇಂಗ್ಲಿಷ್. ಇದರಲ್ಲಿ ತಪ್ಪೇನೂ ಇಲ್ಲ. ತಪ್ಪು ಇರುವುದು, ಕೆರೆಯನ್ನು ಅನುಭವಿಸುವ ನುಡಿ ಒಂದಾಗಿ, ಕೆರೆಯನ್ನು ಬಲ್ಲ ನುಡಿ ಇನ್ನೊಂದಾಗಿ, ಎರಡೂ ಪರಸ್ಪರ ಮಾತನಾಡದೆ ಇರುವುದರಲ್ಲಿ.

ಮಾತು ಹೋದರೆ ಏನು ಮಹಾ ಹೋಯಿತು ಎಂದು ಕೆಲವರು ಕೇಳಬಹುದು. ರಾಜಕಾಲುವೆಯನ್ನೇ ತೆಗೆದುಕೊಳ್ಳೋಣ. ಬೆಂಗಳೂರಿಗೆ ಹೊಳೆಯಿಲ್ಲ, ಅದು ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕುಳಿತ ಊರು. ಆದುದರಿಂದ ಹಿರಿಯರು ಮಳೆಯ ನೀರನ್ನು ಕೆರೆಗಳಲ್ಲಿ ಹಿಡಿದು, ಒಂದು ಕೆರೆಯ ಕೋಡಿಯ ನೀರು ಇನ್ನೊಂದಕ್ಕೆ ಸೇರುವಂತೆ ಕಾಲುವೆಗಳಿಂದ ಹೆಣೆದರು. ಜಕ್ಕೂರಿನ ನೀರು ರಾಚೇನಹಳ್ಳಿಗೆ, ಅಲ್ಲಿಂದ ಮುಂದಕ್ಕೆ ಕೊನೆಗೆ ದಕ್ಷಿಣ ಪಿನಾಕಿನಿಯ ಕಡೆಗೆ. ಆ ಕಾಲುವೆಗೆ ರಾಜಕಾಲುವೆ ಎಂದು ಹೆಸರಿಟ್ಟರು. ಹೆಸರಿನಲ್ಲಿಯೇ ಮರ್ಯಾದೆಯಿದೆ. ಕಾಲಕ್ರಮದಲ್ಲಿ ಅದು ಕಾಗದಪತ್ರಗಳಲ್ಲಿ "ಡ್ರೈನ್" ಆಯಿತು, ಜನರ ಬಾಯಲ್ಲಿ ಮೋರಿಯಾಯಿತು. ಮೋರಿಯೆಂದ ಮೇಲೆ ಕಸ ಸುರಿಯುವುದಕ್ಕೆ ಅಡ್ಡಿಯೇನು? ಅದರ ಮೇಲೆ ಗೋಡೆ ಎಬ್ಬಿಸುವುದಕ್ಕೆ ಹೆದರಿಕೆಯೇನು? 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿಕೊಂಡಿತು. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದಲ್ಲಿ ಕೋಟ್ಯಧೀಶರ ಬಡಾವಣೆಗಳೊಳಗೆ ನೀರು ನುಗ್ಗಿ, ಮನೆಯವರನ್ನು ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ನೀರು ತನ್ನ ದಾರಿಯನ್ನು ಮರೆತಿರಲಿಲ್ಲ, ಜನ ಮರೆತಿದ್ದರು. ಮರುವರ್ಷವೇ ಮಳೆ ಕೈಕೊಟ್ಟಿತು. 2024ರ ಬೇಸಿಗೆಯಲ್ಲಿ ಅದೇ ನಗರದಲ್ಲಿ ಕೊಳವೆ ಬಾವಿಗಳು ಬತ್ತಿ ಟ್ಯಾಂಕರಿನ ಮುಂದೆ ಸಾಲು ನಿಲ್ಲಬೇಕಾಯಿತು. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲಕ್ಕೆತ್ತಿ ತಂದರೂ ಸಾಲದಾಯಿತು.

ಎಲ್ಲ ತಪ್ಪನ್ನೂ ಇಂಗ್ಲಿಷಿನ ಮೇಲೆ ಹೊರಿಸುವುದು ನನ್ನ ಉದ್ದೇಶವಲ್ಲ; ಹಾಗೆ ಹೊರಿಸಿದರೆ ಅನ್ಯಾಯವಾಗುತ್ತದೆ. ಕಾಲುವೆಯನ್ನು ಒತ್ತಿದವರಲ್ಲಿ ಅಚ್ಚ ಕನ್ನಡಿಗರೂ ಉಂಟು. ಕೆರೆಗಳನ್ನು ಉಳಿಸಲು ಅರ್ಜಿ ಬರೆದು, ನ್ಯಾಯಾಲಯದ ಮೆಟ್ಟಿಲೇರಿದವರಲ್ಲಿ ಕನ್ನಡ ಬಾರದವರೂ ಉಂಟು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಮತ್ತೆ ಜೀವ ತಳೆದದ್ದು, ಸುತ್ತಲಿನ ನಿವಾಸಿಗಳು ಆಗಿನ ಮಹಾನಗರ ಪಾಲಿಕೆಯೊಡನೆ ಕೈಗೂಡಿಸಿದ್ದರಿಂದ. ಅವರಿಗೆ ನಾವು ಋಣಿಗಳು. ಆದರೆ ಕೆರೆಯನ್ನು ಒಮ್ಮೆ ಸರಿಪಡಿಸುವುದು ಬೇರೆ, ನಿತ್ಯವೂ ಕಾಯುವುದು ಬೇರೆ. ಕಾಯುವ ಕೆಲಸ ನಡೆಯುವುದು ಬಲೆ ಹಾಕುವವರ, ಹುಲ್ಲು ಕೊಯ್ಯುವವರ ಕಣ್ಣಿನಿಂದ. ಅವರ ಮಾತು ಬಾರದವರು ಕೆರೆಯ ನೆರೆಯವರಾಗಿರಬಹುದು, ನೀರಗಂಟಿಗಳಾಗಲಾರರು.

2024ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ, ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡವಿರಬೇಕೆಂದು ಗೊತ್ತಾಯಿತು. ಸಂತೋಷದ ಸಂಗತಿಯೇ ಸರಿ. ಆದರೆ ಹಲಗೆಯ ಮೇಲಿನ ಕನ್ನಡವನ್ನು ಅಡ್ಡಪಟ್ಟಿ ಹಿಡಿದು ಅಳೆಯಬಹುದು. ಒಬ್ಬ ಹುಡುಗನ ನಾಲಗೆಯ ಮೇಲೆ ಕೋಡಿ, ತೂಬು, ರಾಜಕಾಲುವೆಗಳು ಉಳಿದಿವೆಯೇ ಎಂದು ಅಳೆಯುವ ಪಟ್ಟಿ ಯಾವುದು?

ಇದು ಬೆಂಗಳೂರಿನವರ ಪಾಡು, ನಮಗೇಕೆ ಎಂದು ಸಹಪಾಠಿ ಮಿತ್ರರು ಕೇಳದಿರಲಿ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು 1965ರಲ್ಲಿ ಮುಗಿಯುವ ವೇಳೆಗೆ ನಮ್ಮ ಅಜ್ಜಿಯ ತವರಿನ ಗದ್ದೆ ನೀರಿನಡಿಗೆ ಹೋಗಿತ್ತು. ಹಿನ್ನೀರಿನ ಮೌನವನ್ನು ನೋಡಲು ಬರುವವರು ಎಷ್ಟು ಚೆಂದ ಎನ್ನುತ್ತಾರೆ. ಅಜ್ಜಿ ಮಾತ್ರ ಆ ನೀರನ್ನು ತೋರಿಸಿ, ಇಂಥ ಕಡೆ ಇಂಥ ಗದ್ದೆ, ಇಂಥ ಕಡೆ ಕಾಲುದಾರಿ ಎಂದು ಹೆಸರು ಹಿಡಿದು ಹೇಳುತ್ತಿದ್ದಳು. ಆ ಹೆಸರುಗಳನ್ನು ನಾನು ಬರೆದಿಡಲಿಲ್ಲ. ಅವಳೊಡನೆ ಅವೂ ಹೋದವು. ಈಗ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನಮ್ಮ ಮುತ್ತಿನಕೊಪ್ಪದ ಬಳಿಯಲ್ಲಿಯೇ ತುಂಗೆಯಿಂದ 17.4 ಟಿ.ಎಂ.ಸಿ. ನೀರನ್ನೆತ್ತಿ ಭದ್ರಾ ಜಲಾಶಯಕ್ಕೆ ಸೇರಿಸುವುದೆಂದಿದೆ. ಅಲ್ಲಿಂದ ಅಜ್ಜಂಪುರದ ಸುರಂಗದ ಮೂಲಕ ಬಯಲುಸೀಮೆಗೆ ಹರಿಸಿ 367 ಕೆರೆಗಳಿಗೆ ನೀರು ತುಂಬಿಸಬೇಕೆಂಬುದು ಅದರ ಗುರಿಗಳಲ್ಲಿ ಒಂದು. ಬಾಯಾರಿದವರಿಗೆ ನೀರು ಕೊಡಬಾರದೆನ್ನುವಷ್ಟು ಕಲ್ಲೆದೆಯವನು ನಾನಲ್ಲ. ಆದರೆ ತುಂಬಿಸಿದ ಕೆರೆಯ ಏರಿ, ತೂಬು, ಕೋಡಿಗಳನ್ನು ನೋಡಿಕೊಳ್ಳುವವರಿಲ್ಲದಿದ್ದರೆ, ಎಷ್ಟು ದೂರದಿಂದ ತಂದ ನೀರಾದರೇನು, ನಿಲ್ಲುವುದೆಂತು? ಕೊಡುವ ಊರಿನವರಾದ ನಾವು ಇದನ್ನು ಕೇಳುವ ಹಕ್ಕುಳ್ಳವರು.

ಆದುದರಿಂದ ನನ್ನದೊಂದು ಸಲಹೆ. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಪ್ರತಿ ವರ್ಷವೂ ರಸ್ತೆ ಗುಡಿಸುತ್ತೇವೆ, ಗಿಡ ನೆಡುತ್ತೇವೆ. ಮುಂದಿನ ಶಿಬಿರದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಕೆರೆ, ಹಳ್ಳ, ಕಾಲುವೆ, ತೂಬುಗಳ ಹೆಸರನ್ನು ಹಿರಿಯರಿಂದ ಕೇಳಿ ಬರೆದು ತರಲಿ. ಇಂಗ್ಲಿಷ್ ಬಲ್ಲವರು ಅದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿಯೂ ವಿವರಿಸಲಿ. ಅದನ್ನು ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಅಚ್ಚು ಹಾಕಿಸೋಣ. ನಮ್ಮಲ್ಲಿ ಅರ್ಧದಷ್ಟು ಜನ ನಾಳೆ ಬೆಂಗಳೂರಿಗೆ ಹೋಗುವವರೇ. ಕೈಯಲ್ಲಿ ಪದವಿಪತ್ರದ ಜೊತೆಗೆ ಬಾಯಲ್ಲಿ ಈ ಮಾತುಗಳೂ ಇದ್ದರೆ, ಏರಿಯ ಮೇಲೆ ಕುಳಿತ ಒಬ್ಬ ಮುದುಕರನ್ನಾದರೂ ದಾಟಿ ನಡೆಯದೆ ನಿಂತು ಮಾತನಾಡಿಸಿಯೇವು.

ನಾನು ಹೊರಟ ದಿನ ಅಳಿಯ ನನಗಿಂತ ಮೊದಲೇ ಎದ್ದು ಕೆರೆಗೆ ಹೋಗಿ ಬಂದಿದ್ದನು. "ಮಾವ, ಇವತ್ತು ಕೋಡಿ ಸಣ್ಣಗೆ ಹರೀತಾ ಇದೆ, ಅಜ್ಜನ ಬುಟ್ಟಿ ತುಂಬಾ ಮೀನು" ಎಂದನು. ಬೇಸಿಗೆಯ ರಜೆಗೆ ಅವನು ಮುತ್ತಿನಕೊಪ್ಪಕ್ಕೆ ಬರುವವನಿದ್ದಾನೆ. ಅಷ್ಟರೊಳಗೆ ನಮ್ಮ ಊರಿನ ಹಳ್ಳಗಳ ಹೆಸರನ್ನು ನಾನೂ ಸರಿಯಾಗಿ ಕಲಿತುಕೊಳ್ಳಬೇಕಾಗಿದೆ. ಇಷ್ಟು ಹೇಳಿ ಲೇಖನಿಯನ್ನು ಕೆಳಗಿಡುತ್ತೇನೆ.